ಹೊಸ ಬಸ್ಸು ಬಾರದ ವರ್ಷ

ನಾನು ಬಸ್ಸಿನ ಸೀಟು ಹೊಲಿಸುವವಳು. ಹಾಗೆಂದರೆ ಬಹಳ ಜನಕ್ಕೆ ತಟ್ಟನೆ ಅರ್ಥವಾಗುವುದಿಲ್ಲ. ದಿನವೂ ಸೀಟಿನಲ್ಲಿ ಕೂತು ಊರು ತಿರುಗುವವರಿಗೂ ಅದನ್ನು ಯಾರೋ ಎಲ್ಲೋ ಹೊಲಿದಿರುತ್ತಾರೆ ಎಂಬ ಯೋಚನೆ ಬರುವುದಿಲ್ಲ. ಪೀಣ್ಯದಿಂದ ರಾಜಗೋಪಾಲನಗರದ ಕಡೆಗೆ ಹೋಗುವ ಒಂದು ಅಡ್ಡರಸ್ತೆಯಲ್ಲಿ ನಮ್ಮ ಶೆಡ್ಡು. ಪಕ್ಕದ ಬೀದಿಯ ವೆಲ್ಡಿಂಗ್‌ನವರು ಪೈಪು ಬಗ್ಗಿಸಿ ಸೀಟಿನ ಚೌಕಟ್ಟು ಮಾಡಿಕೊಡುತ್ತಾರೆ. ನಾವು ಅದರ ಅಳತೆಗೆ ಸ್ಪಂಜು ಕೊಯ್ದು ಅಂಟಿಸಿ, ರೆಕ್ಸಿನ್ನಿನ ಕವರು ಹೊಲಿದು, ಎಳೆದು ತೊಡಿಸಿ ಬಿಗಿಯುತ್ತೇವೆ. ಬಸ್ಸಿಗೆ ಬಾಡಿ ಕಟ್ಟುವ ಕಾರ್ಖಾನೆಯವರು ಟೆಂಪೋ ತಂದು ತುಂಬಿಕೊಂಡು ಹೋಗುತ್ತಾರೆ. ಆ ಕಾರ್ಖಾನೆ ಕಟ್ಟುವುದು ಹೆಚ್ಚಾಗಿ ಸರ್ಕಾರಿ ಬಸ್ಸುಗಳನ್ನೇ.

ಮದುವೆಯಾಗಿ ದಾವಣಗೆರೆ ಬಿಟ್ಟು ಬಂದಾಗ ನನಗೆ ರವಿಕೆ ಹೊಲಿಯಲು ಬರುತ್ತಿತ್ತು, ಅಷ್ಟೆ. ನನ್ನ ಗಂಡ ಪೀಣ್ಯದ ಒಂದು ಟೂಲ್ ಕಂಪನಿಯಲ್ಲಿ ತಪಾಸಣೆ ವಿಭಾಗದಲ್ಲಿದ್ದರು, ಈಗಲೂ ಅಲ್ಲೇ ಇದ್ದಾರೆ. ಅವರ ಸ್ನೇಹಿತರೊಬ್ಬರ ಶೆಡ್ಡಿನಲ್ಲಿ ನಾನು ರೆಕ್ಸಿನ್ ಹೊಲಿಯಲು ಕಲಿತೆ. ರವಿಕೆ ಬಟ್ಟೆ ಹೇಳಿದ ಮಾತು ಕೇಳುತ್ತದೆ, ರೆಕ್ಸಿನ್ ಕೇಳುವುದಿಲ್ಲ. ಒಮ್ಮೆ ಸೂಜಿ ತೂತು ಬಿದ್ದರೆ ಬಿದ್ದ ಹಾಗೆಯೇ, ಬಿಚ್ಚಿ ಹೊಲಿಯುವ ಹಾಗಿಲ್ಲ. ಆ ಸ್ನೇಹಿತರು ಊರಿಗೆ ಮರಳಿದಾಗ ಅವರ ಮಿಷನ್ನುಗಳನ್ನು ನಾವು ಕೊಂಡೆವು. ಹಾಗೆ ಶುರುವಾದದ್ದು ಮುಂದೆ ಏಳೆಂಟು ಹೆಂಗಸರ ಶೆಡ್ಡಾಯಿತು. ಅವರಲ್ಲಿ ಹಿರಿಯವಳು ಬಾಗಲಕೋಟೆ ಕಡೆಯವಳು. ಗಂಡ ಆಟೋ ಓಡಿಸುತ್ತಾನೆ. ನಾನು ಇಲ್ಲದಾಗ ಶೆಡ್ಡು ಅವಳ ಮಾತಿನಲ್ಲೇ ನಡೆಯುತ್ತದೆ. ಇದ್ದಾಗಲೂ ಅರ್ಧ ಅವಳ ಮಾತೇ.

ಈಗ ಹೇಳುತ್ತಿರುವುದು ಇತ್ತೀಚಿನ ಮಾತು. ಅದು ಮುಗಿದು ಹೋಯಿತಲ್ಲ ಎಂಬ ನಿರಾಳದಲ್ಲೇ ಹೇಳುತ್ತಿದ್ದೇನೆ. ಆಗ ಯಾರಾದರೂ ಬರೆ ಎಂದಿದ್ದರೆ ನನ್ನಿಂದ ಆಗುತ್ತಿರಲಿಲ್ಲ.

ಆ ವರ್ಷ ಬಜೆಟ್ ಮಂಡಿಸಿದ ದಿನ ನನ್ನ ಗಂಡ ಮಧ್ಯಾಹ್ನದ ಪಾಳಿ ಇಲ್ಲದೆ ಮನೆಯಲ್ಲಿದ್ದರು. ಟೀವಿಯ ಮುಂದೆ ಕೂತು ಅವರೆಕಾಳು ಬಿಡಿಸುತ್ತಿದ್ದರು. ನಾನು ಶೆಡ್ಡಿನಿಂದ ಊಟಕ್ಕೆ ಬಂದಿದ್ದೆ. ಸಾಲ ಮಿತಿ ಮೀರುತ್ತಿದೆ, ಈ ಸಲ ಖರ್ಚಿಗೆ ಕಡಿವಾಣ ಹಾಕುತ್ತೇವೆ, ವರಮಾನ ಹೆಚ್ಚಿಸಿಕೊಳ್ಳುತ್ತೇವೆ ಎಂದು ಟೀವಿಯಲ್ಲಿ ಹೇಳುತ್ತಿದ್ದರು.

"ಒಳ್ಳೇದೇ ಆಯ್ತಲ್ರೀ," ಎಂದೆ ನಾನು ಅಡಿಗೆಮನೆಯಿಂದ. "ಬರೋದು ಕಮ್ಮಿ ಇದ್ರೆ ಖರ್ಚೂ ಕಮ್ಮಿ ಮಾಡ್ಬೇಕು. ಮನೆ ನಡೆಸೋ ಹೆಂಗಸ್ರಿಗೆಲ್ಲ ಗೊತ್ತಿರೋ ವಿಷಯ."

"ಡೀಸೆಲ್ ಮೇಲೆ ಟ್ಯಾಕ್ಸ್ ಏರಿಸ್ತಾರಂತೆ. ಗಾಡಿಗಳ ಟ್ಯಾಕ್ಸೂ. ಕಟ್ಟಡದ ಕಂದಾಯನೂ ಪರಿಷ್ಕರಣೆ ಅಂತೆ," ಎಂದರು ಅವರು.

"ನಮಗೆಲ್ಲಿದೆ ಕಟ್ಟಡ," ಎಂದು ನಾನು ತಟ್ಟೆ ಹಾಕಿದೆ. ಸೊಪ್ಪಿನ ಹುಳಿ ಆ ದಿನ ಚೆನ್ನಾಗಿತ್ತು. ಬಜೆಟ್ಟಿನ ಬಗ್ಗೆ ನಾವು ಆಡಿದ್ದು ಅಷ್ಟೇ ಮಾತು.

ಕೆಲವು ವಾರ ಎಲ್ಲವೂ ಹಾಗೇ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಬಾಡಿ ಕಟ್ಟುವ ಕಾರ್ಖಾನೆಯ ಮ್ಯಾನೇಜರು ಫೋನು ಮಾಡಿ, "ಮೇಡಂ, ಒಂದ್ಸಲ ಬಂದು ಹೋಗ್ತೀರಾ?" ಎಂದರು. ಸಾಮಾನ್ಯವಾಗಿ ಅವರು ಫೋನಿನಲ್ಲೇ ಎಲ್ಲ ಮುಗಿಸುವವರು. ಸೀಟಿನಲ್ಲಿ ಏನೋ ದೋಷ ಬಂದಿರಬೇಕು ಎಂದುಕೊಂಡು ಹೋದೆ.

ಆ ಕಾರ್ಖಾನೆಯ ಅಂಗಳದಲ್ಲಿ ಯಾವಾಗ ಹೋದರೂ ಚಾಸಿಗಳು ಸಾಲಾಗಿ ನಿಂತಿರುತ್ತಿದ್ದವು. ಚಾಸಿ ಎಂದರೆ ಇಂಜಿನ್ನು, ಚಕ್ರ, ಸ್ಟೀರಿಂಗು ಇಷ್ಟೇ ಇರುವ ಬರಿಮೈ ಬಸ್ಸು. ಅದರ ಮೇಲೆ ಗೋಡೆ, ಮಾಡು, ಗಾಜು, ಸೀಟು ಎಲ್ಲ ಏರಿ ಕೊನೆಗೆ ಬಣ್ಣ ಬೀಳುತ್ತದೆ. ಆ ದಿನ ಅಂಗಳ ಖಾಲಿ ಇತ್ತು. ಕೊನೆಯಲ್ಲಿ ಬಣ್ಣಕ್ಕೆ ಕಾದಿದ್ದ ಒಂದೆರಡು ಬಸ್ಸು ಬಿಟ್ಟರೆ ಬರೀ ಎಣ್ಣೆಯ ಕಲೆಗಳು. ಬಣ್ಣ ಹೊಡೆಯುವವನು ಗನ್ನನ್ನು ತೊಳೆದು ಒರೆಸಿ ಪಕ್ಕದಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದ. ನನ್ನನ್ನು ನೋಡಿ ನಕ್ಕ.

ಮ್ಯಾನೇಜರು ತಾವೇ ಹೋಗಿ ಎರಡು ಲೋಟ ಕಾಫಿ ತಂದರು. "ಕಾಫಿ ಕೊಡೋ ಹೋಟ್ಲೋರಿಗೆ ಬೇಡ ಅಂತ ಹೇಳ್ಬಿಟ್ವಿ ಮೇಡಂ, ಅದ್ಕೇ," ಎಂದು ಸಂಕೋಚಪಟ್ಟರು. ಆಮೇಲೆ ವಿಷಯಕ್ಕೆ ಬಂದರು. "ಹೊಸ ಚಾಸಿ ಬರ್ತಾ ಇಲ್ಲ. ಸರ್ಕಾರದೋರು ಈ ವರ್ಷದ ಬಸ್ ಖರೀದಿನ ಮುಂದಕ್ಕೆ ಹಾಕಿದಾರೆ."

"ಕ್ಯಾನ್ಸಲ್ಲಾ ಸಾರ್?"

"ಅಲ್ಲ, ಮುಂದಕ್ಕೆ ಅಂತಾರೆ."

"ಎಷ್ಟು ಮುಂದಕ್ಕೆ?"

"ಅದನ್ನ ಯಾರೂ ಹೇಳ್ತಾ ಇಲ್ಲ ಮೇಡಂ. ಹೇಳಿದ್ರೆ ನಾನೂ ನಿಮಗೆ ಹೇಳ್ತಿದ್ದೆ." ಲೋಟವನ್ನು ಕೈಯಲ್ಲೇ ತಿರುಗಿಸುತ್ತ ಅವರು ಮುಂದುವರಿಸಿದರು. "ನಿಮ್ಮ ಕೆಲಸದ ಬಗ್ಗೆ ಒಂದು ಮಾತಿಲ್ಲ. ಆದ್ರೆ ಹೊಸ ಸೀಟು ಸದ್ಯಕ್ಕೆ ಬೇಡ. ರೆಕ್ಸಿನ್ ಆರ್ಡರ್ ಮಾಡಿದ್ರೆ ನಿಲ್ಲಿಸ್ಬಿಡಿ. ನಿಮಗೆ ನಷ್ಟ ಆಗ್ಬಾರ್ದು ಅಂತ ಕರೆದೆ."

ನಡೆದುಕೊಂಡೇ ವಾಪಸು ಬಂದೆ. ಅಷ್ಟು ವರ್ಷ ನಾನು ಸರ್ಕಾರಕ್ಕೂ ನನಗೂ ಇರುವ ಸಂಬಂಧ ಎಂದರೆ ಓಟು, ಪಡಿತರ ಚೀಟಿ, ಕರೆಂಟು ಬಿಲ್ಲು ಎಂದುಕೊಂಡಿದ್ದೆ. ನನ್ನ ಅನ್ನ ಕಾರ್ಖಾನೆಯಿಂದ ಬರುತ್ತದೆ, ಕಾರ್ಖಾನೆ ಖಾಸಗಿಯವರದು ಎಂಬ ಲೆಕ್ಕ. ಊಟದ ಹೊತ್ತಿನಲ್ಲಿ ನಾನು ಒಳ್ಳೆಯದೇ ಆಯಿತು ಎಂದಿದ್ದ ಆ ಕಡಿವಾಣ ತಿರುಗಿ ತಿರುಗಿ ನನ್ನ ಮಿಷನ್ನಿನ ಬೆಲ್ಟಿಗೇ ಬಂದು ಸುತ್ತಿಕೊಂಡಿತ್ತು.

ಶೆಡ್ಡಿನಲ್ಲಿ ಹೇಗೆ ಹೇಳುವುದು ಎಂದು ಗೊತ್ತಾಗದೆ, ಎಲ್ಲರೂ ಬುತ್ತಿ ಬಿಚ್ಚುವವರೆಗೆ ಸುಮ್ಮನಿದ್ದೆ. ಕೈಯಲ್ಲಿರುವ ಕೆಲಸ ಇನ್ನು ಕೆಲವೇ ದಿನದ್ದು, ಆಮೇಲೆ ಏನೆಂದು ಗೊತ್ತಿಲ್ಲ, ಬೇರೆ ಕಡೆ ಕೆಲಸ ಸಿಕ್ಕಿದವರು ಹೋದರೆ ನನಗೆ ಬೇಸರವಿಲ್ಲ ಎಂದೆ. ಯಾರೂ ಊಟ ಮುಂದುವರಿಸಲಿಲ್ಲ. ಕೊನೆಗೆ ಬಾಗಲಕೋಟೆಯವಳು ರೊಟ್ಟಿ ಮುರಿಯುತ್ತ ಹೇಳಿದಳು.

"ಅಕ್ಕಾರ, ಯಾರನ್ನೂ ಬಿಡಿಸಬ್ಯಾಡ್ರಿ. ಇರೂ ಕೆಲಸ ಹಂಚಿಕೊಂಡು ಮಾಡೂಣ. ಇವತ್ತ ನಾವ್ ಬರ್ತೀವಿ, ನಾಳೆ ಅವ್ರ್ ಬರ್ಲಿ. ಅರ್ಧ ಸಂಬಳ ಆದ್ರೂ ಎಲ್ಲಾರ್ಗೂ ಇರ್ತೈತಿ."

"ಅರ್ಧ ಸಂಬಳದಲ್ಲಿ ಹೇಗೆ ನಡೆಯುತ್ತೆ ನಿಮಗೆ?"

"ನಡಿಯಂಗಿಲ್ರಿ. ಆದ್ರ ಏನೂ ಇಲ್ಲದ್ದಕ್ಕಿಂತ ನಡೀತೈತಿ."

ಹಾಗೇ ಮಾಡಿದೆವು. ಆದರೂ ಇಬ್ಬರು ಉಳಿಯಲಿಲ್ಲ. ಒಬ್ಬಳು ಗಾರ್ಮೆಂಟ್ಸಿಗೆ ಸೇರಿದಳು, ಇನ್ನೊಬ್ಬಳು ಮಕ್ಕಳನ್ನು ಕರೆದುಕೊಂಡು ತುರುವೇಕೆರೆಗೆ ತವರಿಗೆ ಹೋದಳು. ತುರುವೇಕೆರೆಗೆ ಹೊರಟವಳನ್ನು ಕಳಿಸಿಕೊಟ್ಟ ದಿನ ಶೆಡ್ಡಿನ ಬಾಗಿಲಲ್ಲಿ ನಿಂತು ನಾನು ಅತ್ತೆ. ಅವಳೂ ಅತ್ತಳು. ಪಕ್ಕದ ವೆಲ್ಡಿಂಗ್‌ನವರು ಯಾರದೋ ಸಾವಾಗಿದೆ ಎಂದುಕೊಂಡು ಬಂದು ವಿಚಾರಿಸಿದರು.

ಆಮೇಲೆ ನಮ್ಮ ಅಡ್ಡರಸ್ತೆಯಲ್ಲಿ ನಡೆದದ್ದು ಒಂದೇ ದಿನ ಕಾಣುವಂಥದ್ದಲ್ಲ. ಮೂಲೆಯ ರೊಟ್ಟಿ ಖಾನಾವಳಿಯಲ್ಲಿ ಮಧ್ಯಾಹ್ನ ನಿಂತು ಕಾಯಬೇಕಿತ್ತು, ಈಗ ಹೋದ ತಕ್ಷಣ ಜಾಗ ಸಿಗುತ್ತಿತ್ತು. ಖಾನಾವಳಿಯವರು ಸಂಜೆಯ ಅಡಿಗೆ ನಿಲ್ಲಿಸಿದರು. ಅವರಿಗೆ ಸೊಪ್ಪು ತಂದುಕೊಡುತ್ತಿದ್ದ ಮುದುಕಿ ತಳ್ಳುಗಾಡಿಯನ್ನು ಬೇರೆ ಕಡೆ ತಿರುಗಿಸಿದಳು. ವೆಲ್ಡಿಂಗ್ ಶೆಡ್ಡಿನ ಹುಡುಗರು ಒಬ್ಬೊಬ್ಬರೇ ಬಿಹಾರದ ರೈಲು ಹತ್ತಿದರು. ಬಾಗಲಕೋಟೆಯವಳ ಗಂಡನ ಆಟೋಗೆ ಗಿರಾಕಿ ಕಡಿಮೆಯಾಯಿತು, ಸಂಬಳ ಅರ್ಧವಾದವರು ಆಟೋ ಹತ್ತುತ್ತಾರೆಯೇ? ಇದರ ಮೇಲೆ ಡೀಸೆಲ್ ಏರಿದ್ದರಿಂದ ಸ್ಪಂಜು ತರುವ ಟೆಂಪೋದವನು ಬಾಡಿಗೆ ಏರಿಸಿದ. ಒಂದು ಕಡೆ ಬರುವುದು ಇಳಿಯಿತು, ಇನ್ನೊಂದು ಕಡೆ ಕೊಡುವುದು ಏರಿತು. ಎರಡರ ನಡುವೆ ಸಿಕ್ಕವರು ಮಾಡುವುದು ಒಂದೇ, ಏನನ್ನೂ ಕೊಳ್ಳದೆ ಇರುವುದು. ನಾನು ಶೆಡ್ಡಿಗೆ ಹೊಸ ಮಿಷನ್ನು ತರಬೇಕೆಂದಿದ್ದೆ, ಅದನ್ನು ಕೈಬಿಟ್ಟೆ. ಆ ಮಿಷನ್ನು ಮಾರುವ ಅಂಗಡಿಯವನಿಗೆ ಒಂದು ವ್ಯಾಪಾರ ತಪ್ಪಿತು. ಅವನು ಇನ್ನೇನು ಕೈಬಿಟ್ಟನೋ.

ನಮ್ಮ ಶೆಡ್ಡಿನ ಮಾಲೀಕರು ಗೌಡರು. ಪೀಣ್ಯ ಕೈಗಾರಿಕಾ ಪ್ರದೇಶ ಆಗುವ ಮೊದಲಿನಿಂದ ಇಲ್ಲಿಯವರು. ಈಗ ನಮ್ಮ ಶೆಡ್ಡು ನಿಂತಿರುವ ಜಾಗದಲ್ಲಿ ಅವರ ತಂದೆ ರಾಗಿ ಬೆಳೆಯುತ್ತಿದ್ದರಂತೆ. ಸಾಲಾಗಿ ನಾಲ್ಕಾರು ಶೆಡ್ಡು, ಮೇಲೆ ಬಾಡಿಗೆ ರೂಮು. ಅವರು ಬಂದದ್ದು ಮಿಷನ್ನುಗಳು ನಿಂತಿದ್ದ ಒಂದು ಮಧ್ಯಾಹ್ನ.

"ಏನಮ್ಮ, ಸದ್ದೇ ಇಲ್ವಲ್ಲ?"

"ಕೆಲಸ ಇಲ್ಲ ಗೌಡ್ರೇ."

ಅವರು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. "ಕಂದಾಯ ಇಂಗೆ ಏರಿಸ್ಬುಟ್ಟವ್ರೆ ಕಣಮ್ಮ. ಕಸಕ್ಕೂ ಬ್ಯಾರೆ ದುಡ್ಡು. ಎಲ್ಲಾ ಶೆಡ್‌ನೋರ್ಗೂ ಏಳ್ತಾ ಇವ್ನಿ, ಬರೋ ತಿಂಗ್ಳಿಂದ ಬಾಡ್ಗೆ ಜಾಸ್ತಿ ಮಾಡ್ಬೇಕಾಯ್ತದೆ."

ನನಗೆ ಸಿಟ್ಟು ಬಂತು. "ಗೌಡ್ರೇ, ಒಳಗೆ ಬಂದು ನೋಡಿ. ಇವತ್ತು ಬಂದಿರೋದು ಮೂರೇ ಜನ. ಈಗಿನ ಬಾಡಿಗೆ ಕೊಡೋದೇ ಕಷ್ಟ ಆಗಿದೆ."

"ಅಂಗಂತ ನಾನ್ ಕೈಯಿಂದ ಕಟ್ಲಾ? ನಂಗೇನ್ ಕಂದಾಯದೋರು ಬಿಟ್ಬುಟ್ಟಾರಾ?" ಅವರ ದನಿಯಲ್ಲಿ ಸಿಟ್ಟಿಗಿಂತ ದಿಕ್ಕುತೋಚದ ಭಾವವಿತ್ತು. ಕೂರಿ ಎಂದರೂ ಕೂರದೆ ಹೊರಟುಬಿಟ್ಟರು.

ಆ ವಾರ ನಾನು ಬೇರೆ ಶೆಡ್ಡು ಹುಡುಕುವ ಯೋಚನೆಯಲ್ಲೇ ಇದ್ದೆ. ಮಿಷನ್ನುಗಳನ್ನು ಮನೆಗೆ ಸಾಗಿಸಿ, ಕೆಳಗಿನ ಮನೆಯವರು ಒಪ್ಪಿದರೆ ಗಾಡಿ ನಿಲ್ಲಿಸುವ ಜಾಗದಲ್ಲಿ ಹಾಕೋಣವೇ ಎಂದು ಗಂಡನನ್ನು ಕೇಳಿದೆ. ಅವರು ಟೇಪು ಹಿಡಿದು ಅಳತೆಯನ್ನೂ ಮಾಡಿದರು. ಒಂದು ಮಿಷನ್ನೇನೋ ಹಿಡಿಯುತ್ತಿತ್ತು.

ಗೌಡರು ಮತ್ತೆ ಬಂದರು. ಈ ಸಲ ತಾವಾಗಿಯೇ ಒಳಗೆ ಬಂದು ಸ್ಪಂಜಿನ ರಾಶಿಯ ಮೇಲೆ ಕೂತರು. ಕೂತ ಕೂಡಲೇ ಒಳಗಿಳಿದು ಹೋದದ್ದಕ್ಕೆ ತಾವೇ ನಕ್ಕರು. ನೀರು ಕೇಳಿ ಕುಡಿದರು.

"ಮ್ಯಾಲಿನ್ ರೂಮ್ ಎಲ್ಡೂ ಖಾಲಿಯಾಯ್ತು. ಆ ಕೊನೇ ಶೆಡ್ಡಿನ್ ಲೇತ್‌ನವ್ನೂ ಒಂಟೋಗ್ತೀನಿ ಅಂತವ್ನೆ. ಅವನ್ಗೂ ಬಾಡ್ಗೆ ಜಾಸ್ತಿ ಅಂದಿದ್ದೆ."

ನಾನು ಖಾಲಿ ಲೋಟ ತೆಗೆದುಕೊಂಡು ಪಕ್ಕಕ್ಕಿಟ್ಟೆ.

"ನಿಂಗೂ ಏರಿಸಿ, ನೀನೂ ಒಂಟೋದ್ರೆ, ಏರಿಸಿದ್ ಬಾಡ್ಗೆ ನಂಗ್ಯಾರಮ್ಮ ಕೊಟ್ಟಾರು? ಈ ಷಟ್ರು ಕೊಟ್ಟಾತಾ?" ಎಂದು ಬಾಗಿಲಿನ ಕಡೆ ಕೈ ತೋರಿಸಿದರು. "ಇರೋದ್ನೇ ಕೊಡು. ತಡ ಆದ್ರೂ ಕೊಡು. ಮಿಷನ್ ಓಡಾಡ್ಲಿ, ಆಮ್ಯಾಕ್ ನೋಡವ. ಲೇತ್‌ನವ್ನಿಗೂ ಅಂಗೇ ಏಳ್ ಬಂದೆ."

ಅವರು ಎದ್ದು ಹೋದ ಮೇಲೆ ಬಾಗಲಕೋಟೆಯವಳು, "ದೊಡ್ಡ ಮನಸ್ಸಿನವ್ರು," ಎಂದಳು. ದೊಡ್ಡ ಮನಸ್ಸೂ ಹೌದು, ಲೆಕ್ಕವೂ ಹೌದು ಎನಿಸಿತು ನನಗೆ. ಎರಡೂ ಒಂದೇ ಕಡೆ ತಿರುಗಿದ್ದು ನಮ್ಮ ಪುಣ್ಯ.

ಅದೇ ಭಾನುವಾರ ಉಪ್ಪಿಟ್ಟು ತಿನ್ನುತ್ತ ನಾನೂ ನನ್ನ ಗಂಡನೂ ಜಗಳದಂಥ ಒಂದು ಮಾತುಕತೆ ಆಡಿದೆವು. ಅವರು ಪತ್ರಿಕೆಯನ್ನು ಅಂಚಿನವರೆಗೆ ಓದುವವರು.

"ಸರ್ಕಾರನ ಬೈದು ಏನು ಬಂತು? ಸಾಲದ ಬಡ್ಡಿಗೇ ವರಮಾನ ಹೋಗ್ತಾ ಇದ್ರೆ ಎಲ್ಲೋ ಒಂದು ಕಡೆ ಬ್ರೇಕ್ ಹಾಕ್ಲೇಬೇಕಲ್ಲ. ನೀನೇ ಹೇಳಿದ್ದೆ ಅವತ್ತು," ಎಂದರು.

"ಹೇಳಿದ್ದೆ. ನಮ್ಮ ಮನೆ ಥರ ಅಂದ್ಕೊಂಡು ಹೇಳಿದ್ದೆ. ನಾನು ಮನೇಲಿ ಖರ್ಚು ಕಮ್ಮಿ ಮಾಡಿದ್ರೆ ನಿಮ್ಮ ಸಂಬಳ ಕಮ್ಮಿ ಆಗುತ್ತಾ?"

"ಇಲ್ಲ."

"ಸರ್ಕಾರ ಬಸ್ ತಗೊಳ್ಳೋದು ನಿಲ್ಲಿಸ್ತು. ನನ್ನ ಕೆಲಸ ನಿಂತ್ಹೋಯ್ತು. ತಿಂಗಳು ತಿಂಗಳು ನಾನು ಕಟ್ತಿದ್ದ ಜಿಎಸ್‌ಟಿ ಎಲ್ಲಿ ಬಂತು ಈಗ? ಖಾನಾವಳಿಯವರದ್ದು ಎಲ್ಲಿ ಬಂತು? ಸರ್ಕಾರ ತನ್ನ ಸಂಬಳ ತಾನೇ ಕಮ್ಮಿ ಮಾಡ್ಕೊಂಡ ಹಾಗಾಯ್ತಲ್ರೀ."

ಅವರು ಸ್ವಲ್ಪ ಹೊತ್ತು ಉಪ್ಪಿಟ್ಟಿನಲ್ಲಿ ಕರಿಬೇವು ಹುಡುಕಿದರು. "ಅದೂ ನಿಜ," ಎಂದರು. "ಆದ್ರೆ ಸುಮ್ನೆ ಖರ್ಚು ಮಾಡ್ತಾ ಹೋದ್ರೂ ಸಾಲ ಬೆಳೆದು ಒಂದಿನ ಕಂಪ್ನಿಯೋರೆಲ್ಲ ಹೆದರಿ ಓಡ್ತಾರೆ. ಯಾವ್ದಕ್ಕೆ ಕತ್ತರಿ ಹಾಕ್ತಾರೆ, ಯಾವಾಗ ಹಾಕ್ತಾರೆ ಅನ್ನೋದು ಮುಖ್ಯ. ಎಲ್ಲರೂ ಜೇಬು ಬಿಗಿ ಹಿಡಿದಿರೋ ಹೊತ್ತಲ್ಲಿ ಅವರೂ ಹಿಡಿದ್ರೆ ಹೀಗಾಗುತ್ತೆ."

ನಾವು ಹೆಚ್ಚುಕಡಿಮೆ ಒಂದೇ ಮಾತಿಗೆ ಬಂದಿದ್ದೆವು, ಒಪ್ಪಿಕೊಳ್ಳಲು ಇಬ್ಬರಿಗೂ ಬಿಗುಮಾನ. ಇನ್ನೊಂದು ಸೌಟು ಉಪ್ಪಿಟ್ಟು ಹಾಕಿದೆ, ಅಲ್ಲಿಗೆ ಮುಗಿಯಿತು.

ಸಿಂಗಸಂದ್ರದಲ್ಲಿ ನನ್ನ ತಂಗಿಯ ಮನೆ. ಕೆಲಸವಿಲ್ಲದ ದಿನಗಳು ಹೆಚ್ಚಾದ ಮೇಲೆ, ಬಹಳ ದಿನದಿಂದ ಕರೆಯುತ್ತಿದ್ದಳಲ್ಲ ಎಂದು ಒಂದು ದಿನ ಹೊರಟೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸಿದೆ. ಹೆಂಗಸರಿಗೆ ದುಡ್ಡು ಕೇಳದ ಬಸ್ಸು, ಕಾಲಿಡಲು ಜಾಗವಿರಲಿಲ್ಲ. ಸಿಲ್ಕ್ ಬೋರ್ಡ್ ದಾಟಿದ ಮೇಲೆ ಕೂರಲು ಸೀಟು ಸಿಕ್ಕಿತು. ಕೂತರೆ ತೊಡೆಗೆ ಕಬ್ಬಿಣ ಒತ್ತಿತು. ರೆಕ್ಸಿನ್ ಅಂಚಿನಲ್ಲಿ ಬಾಯಿ ಬಿಟ್ಟಿತ್ತು, ಒಳಗಿನ ಸ್ಪಂಜು ಹಳದಿ ಪುಡಿಯಾಗಿ ಉದುರುತ್ತಿತ್ತು. ನನ್ನ ಕೈ ತಾನಾಗಿಯೇ ಹೋಗಿ ಹೊಲಿಗೆಯನ್ನು ಸವರಿತು. ಯಾರ ಕೈಕೆಲಸವೋ, ಹೊಲಿಗೆ ಗಟ್ಟಿಯಾಗೇ ಇತ್ತು, ಬಟ್ಟೆಯ ಆಯಸ್ಸು ಮುಗಿದಿತ್ತು.

ಕಂಡಕ್ಟರು ನೋಡಿ, ನಾನು ದೂರುತ್ತೇನೆ ಎಂದುಕೊಂಡರೇನೋ, "ಏನ್ ಮಾಡೋದು ಮೇಡಂ, ಈ ಗಾಡಿ ಇಷ್ಟೊತ್ತಿಗೆ ಮೂಲೆಗೆ ಹೋಗ್ಬೇಕಿತ್ತು. ಹೊಸದು ಬರ್ಲಿಲ್ಲ. ಇದನ್ನೇ ಓಡಿಸ್ತಾ ಇದೀವಿ," ಎಂದರು.

ಹೊಸದು ಬರದಿದ್ದರೆ ಹಳೆಯದು ಓಡುತ್ತದೆ. ಇಷ್ಟು ಸಣ್ಣ ವಿಷಯ ಅಷ್ಟು ದಿನ ನನ್ನ ತಲೆಗೆ ಹೊಳೆದಿರಲಿಲ್ಲ. ಹೊಸ ಸೀಟು ನಿಂತಿತು ಎಂದು ಕೈಕಟ್ಟಿ ಕೂತಿದ್ದೆನಲ್ಲ, ಇಡೀ ಊರಿನ ಹಳೆಯ ಸೀಟುಗಳು ಇನ್ನೊಂದು ವರ್ಷ ಜನರನ್ನು ಹೊರಬೇಕಿತ್ತು. ಹೊಸೂರು ರಸ್ತೆಯಲ್ಲಿ ಇಳಿಯುವವರೆಗೂ ನಾನು ನಿಂತವರ ನಡುವೆ ಬಗ್ಗಿ ಬಗ್ಗಿ ಉಳಿದ ಸೀಟುಗಳನ್ನೆಲ್ಲ ನೋಡಿದೆ. ಪಕ್ಕದಲ್ಲಿದ್ದ ಹುಡುಗಿ, "ಆಂಟಿ, ಏನಾದ್ರೂ ಬಿದ್ದೋಯ್ತಾ?" ಎಂದು ಕೇಳಿದಳು.

ಸರ್ಕಾರಿ ಡಿಪೋಗಳ ರಿಪೇರಿಗೆ ಅವರದೇ ವ್ಯವಸ್ಥೆ ಇದೆ, ನಮ್ಮಂಥವರು ನೇರವಾಗಿ ಹೋಗಲಾಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ತಂಗಿಯ ಮನೆಯ ಹಿಂದೆ ಒಂದು ಖಾಲಿ ಸೈಟಿದೆ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಗೆ ಜನರನ್ನು ಸಾಗಿಸುವ ಬಸ್ಸುಗಳು ಬೆಳಗಿನ ಟ್ರಿಪ್ಪು ಮುಗಿಸಿ ಸಂಜೆಯವರೆಗೆ ಅಲ್ಲೇ ನಿಲ್ಲುತ್ತವೆ. ತಂಗಿ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದಳು. "ಒಂದ್ನಿಮಿಷ ಇರೇ," ಎಂದು ಹೇಳಿ ಹಿಂದಿನ ಬಾಗಿಲಿನಿಂದ ಇಳಿದೆ.

ಬಸ್ಸುಗಳ ಮಾಲೀಕ ಅಲ್ಲೇ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ. ನಾನು ಯಾರು, ಏನು ಮಾಡುತ್ತೇನೆ ಎಂದು ಹೇಳಿದೆ. ಸೀಟು ಎಂಬ ಮಾತು ಕೇಳಿದ್ದೇ ತಡ, ಅವನು ಕುರ್ಚಿಯಿಂದ ಎದ್ದ.

"ಅಕ್ಕಾ, ನೀವ್ ಸರಿಯಾದ್ ಟೈಮಿಗೆ ಬಂದ್ರಿ. ಎರಡು ಹೊಸ ಗಾಡಿ ತಗೊಳ್ಳೋಣ ಅಂತಿದ್ದೆ. ಟ್ಯಾಕ್ಸ್ ಏರಿಸ್ಬಿಟ್ರು, ಡೀಸೆಲ್ ಏರ್ತು. ಕಂಪ್ನಿಯೋರು ಒಂದ್ ರೂಪಾಯಿ ಜಾಸ್ತಿ ಕೊಡಲ್ಲ. ಅದ್ಕೇ ಹಳೇ ಗಾಡಿನೇ ಇಟ್ಕೊಂಡೆ. ಈಗ ದಿನಾ ಕಂಪ್ಲೇಂಟು, ಸೀಟ್ ಸರಿ ಇಲ್ಲ, ಬೆನ್ನು ನೋವು ಅಂತ."

"ನಾವು ಹೊಸದು ಮಾಡಿಕೊಡ್ತೀವಿ. ಚೌಕಟ್ಟು ನಿಮ್ಮದೇ ಇರಲಿ, ಮೇಲಿಂದೆಲ್ಲ ಬದಲಾಯಿಸ್ತೀವಿ."

"ಗಾಡಿ ಪೀಣ್ಯಕ್ಕೆ ಕಳ್ಸಕ್ಕಾಗಲ್ಲಕ್ಕಾ. ಸಂಜೆ ಟ್ರಿಪ್‌ಗೆ ಬೇಕೇ ಬೇಕು. ಒಂದಿನ ತಪ್ಪಿದ್ರೂ ಕಾಂಟ್ರ್ಯಾಕ್ಟ್ ಹೋಗುತ್ತೆ."

"ನಾವೇ ಇಲ್ಲಿಗೆ ಬರ್ತೀವಿ," ಎಂದುಬಿಟ್ಟೆ. ಹೇಳಿದ ಮೇಲೆ ಲೆಕ್ಕ ಹಾಕಿದೆ. ಶೆಡ್ಡಿನಲ್ಲಿ ನಾವು ಒಂದು ಬಸ್ಸಿನ ಸೀಟಿಗೆ ದಿನಗಟ್ಟಲೆ ತೆಗೆದುಕೊಳ್ಳುತ್ತಿದ್ದೆವು. ಇಲ್ಲಿ ಬೆಳಗಿನ ಟ್ರಿಪ್ಪಿಗೂ ಸಂಜೆಯ ಟ್ರಿಪ್ಪಿಗೂ ನಡುವೆ ಮುಗಿಸಬೇಕು.

ದಾರಿ ತೋರಿಸಿದವಳು ಬಾಗಲಕೋಟೆಯವಳೇ. "ಹೊಲಿಯೂದೆಲ್ಲ ಶೆಡ್ಡಿನ್ಯಾಗ ಮುಗಿಸಿ ಒಯ್ಯೂಣ್ರಿ. ಅಲ್ಲಿ ಬರೇ ಹಳೇದು ಕಿತ್ತು ಹೊಸಾದು ತೊಡಿಸೂದು. ಕೂಸಿಗೆ ಅಂಗಿ ಹಾಕಿದಂಗ," ಎಂದಳು. ಒಂದು ಸೀಟಿನ ಅಳತೆ ತಂದು, ಕವರುಗಳನ್ನೆಲ್ಲ ಹೊಲಿದು, ಹಿಂದೆ ಬಿಗಿಯಲು ಅಂಚು ಬಿಟ್ಟು ಸಿದ್ಧ ಮಾಡಿದೆವು. ಆ ಕೆಲವು ದಿನ ಶೆಡ್ಡಿನಲ್ಲಿ ಎಲ್ಲ ಮಿಷನ್ನುಗಳೂ ಒಟ್ಟಿಗೆ ಓಡಿದವು. ಎದುರಿನ ಶೆಡ್ಡಿನವರು ಬಂದು ಸರ್ಕಾರದ ಆರ್ಡರು ಬಂತೇ ಎಂದು ವಿಚಾರಿಸಿಕೊಂಡು ಹೋದರು.

ಮೊದಲ ಬಸ್ಸಿನ ದಿನ ಬಾಗಲಕೋಟೆಯವಳ ಗಂಡನ ಆಟೋದಲ್ಲಿ ಕವರು, ಸ್ಪಂಜು, ಅಂಟಿನ ಡಬ್ಬ ತುಂಬಿ ಕಳಿಸಿ, ನಾವೆಲ್ಲ ಬಸ್ಸು ಹಿಡಿದು ಸಿಂಗಸಂದ್ರಕ್ಕೆ ಹೋದೆವು. ಮಧ್ಯಾಹ್ನದವರೆಗೆ ಸರಾಗವಾಗಿ ನಡೆಯಿತು. ಆಮೇಲೆ ಹಿಂದಿನ ಸೀಟುಗಳನ್ನು ಬಿಚ್ಚಿದರೆ ಸ್ಪಂಜು ನಾವು ಅಂದಾಜು ಮಾಡಿದ್ದಕ್ಕಿಂತ ಹೆಚ್ಚು ಹಾಳಾಗಿತ್ತು. ತಂದದ್ದು ಸಾಲದೆ ಹೋಯಿತು. ಪೀಣ್ಯಕ್ಕೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ. ಕಿತ್ತು ಬಿಸಾಕಿದ್ದ ಹಳೆಯ ಸ್ಪಂಜಿನ ರಾಶಿಯನ್ನು ಹೆಂಗಸರು ಕೆದಕಿ ಗಟ್ಟಿ ಇರುವ ತುಂಡುಗಳನ್ನು ಆರಿಸಿದರು. ಅವನ್ನು ಕೆಳಗಿಟ್ಟು ಮೇಲೆ ಹೊಸದರ ಒಂದು ಪದರ ಹಾಕಿದೆವು. ನನ್ನ ತಂಗಿ ನಮಗೆಲ್ಲ ಚಿತ್ರಾನ್ನ ಮಾಡಿ ತಂದಿದ್ದಳು, ಅವಳೂ ಸೆರಗು ಸಿಕ್ಕಿಸಿ ಕವರು ಎಳೆಯಲು ನಿಂತಳು. ಕೊನೆಯ ಸೀಟು ಬಿಗಿದು ಮುಗಿಯುವ ಹೊತ್ತಿಗೆ ಡ್ರೈವರು ಬಂದು ಇಂಜಿನ್ನು ಶುರು ಮಾಡಿದ್ದ. ನಾವು ಚಿಂದಿ, ಕತ್ತರಿ ಎಲ್ಲ ಬಾಚಿಕೊಂಡು ಹಿಂದಿನ ಬಾಗಿಲಿನಿಂದ ಇಳಿದೆವು. ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಬಾಗಲಕೋಟೆಯವಳು ನಗಲು ಶುರು ಮಾಡಿದಳು. ಏಕೆಂದು ಕೇಳಿದರೆ ಅವಳಿಗೂ ಗೊತ್ತಿಲ್ಲ. ಸ್ವಲ್ಪ ಹೊತ್ತಿಗೆ ಎಲ್ಲರೂ ನಗುತ್ತಿದ್ದೆವು.

ಮರುದಿನ ಬಸ್ಸಿನ ಮಾಲೀಕನ ಫೋನು ಬಂದಾಗ, ಹಿಂದಿನ ಸೀಟುಗಳ ದೂರೇ ಇರಬೇಕೆಂದು ಎತ್ತಲು ಹೆದರಿಕೆಯಾಯಿತು.

"ಅಕ್ಕಾ, ಇನ್ನೊಂದು ಗಾಡಿ ಯಾವಾಗ ಮಾಡ್ತೀರಾ?" ಎಂದ ಅವನು.

ಅವನಿಂದ ಇನ್ನೊಬ್ಬ, ಆ ಇನ್ನೊಬ್ಬನಿಂದ ವೈಟ್‌ಫೀಲ್ಡಿನ ಕಡೆ ಬಸ್ಸು ಓಡಿಸುವವರು. ವಾರಕ್ಕೊಮ್ಮೆಯಾದರೂ ಎಲ್ಲಾದರೂ ಒಂದು ಬಯಲಿನಲ್ಲಿ ನಮ್ಮ ಚಿತ್ರಾನ್ನದ ಡಬ್ಬಿ ತೆರೆಯುತ್ತಿತ್ತು. ಸಂಬಳ ಪೂರ್ತಿಯಾಗಿ ಕೊಡುವಷ್ಟು ಆಗಲಿಲ್ಲ, ಆದರೆ ಅರ್ಧಕ್ಕಿಂತ ಮೇಲಾಯಿತು. ಇದನ್ನು ಹೇಳುವಾಗ ಒಂದು ಮಾತು ಸೇರಿಸಬೇಕು. ನಾವು ಉಳಿದುಕೊಂಡೆವು ಅಷ್ಟೆ, ಬೆಳೆದೆವು ಎಂದೇನೂ ಅಲ್ಲ. ಹಳೆಯ ಚೌಕಟ್ಟನ್ನೇ ಬಳಸುವ ಕೆಲಸದಲ್ಲಿ ಪಕ್ಕದ ಬೀದಿಯ ವೆಲ್ಡಿಂಗ್‌ನವರಿಗೆ ಏನೂ ದಕ್ಕಲಿಲ್ಲ. ಗಾಜಿನವರಿಗೂ ಇಲ್ಲ. ಬಣ್ಣ ಹೊಡೆಯುವವನು ಆ ದಿನಗಳಲ್ಲಿ ಮನೆಗಳಿಗೆ ಸುಣ್ಣ ಬಳಿಯಲು ಹೋಗುತ್ತಿದ್ದ. ದಾರಿಯಲ್ಲಿ ಸಿಕ್ಕರೆ ಕೈಯೆತ್ತಿ ನಗುತ್ತಿದ್ದ, ಅದೇ ಹಳೆಯ ನಗು.

ಮುಂದಿನ ಬಜೆಟ್ಟಿನ ಹೊತ್ತಿಗೆ ಪತ್ರಿಕೆಗಳಲ್ಲಿ ಬೇರೆ ಮಾತು ಬರತೊಡಗಿತು. ತೆರಿಗೆ ಏರಿಸಿದರೂ ಅಂದುಕೊಂಡಷ್ಟು ವರಮಾನ ಬಂದಿಲ್ಲವಂತೆ, ವ್ಯಾಪಾರ ಮಂದವಾಗಿದೆಯಂತೆ, ನಿಲ್ಲಿಸಿದ್ದ ಕೆಲಸಗಳಲ್ಲಿ ತೀರಾ ಬೇಕಾದವನ್ನು ಶುರು ಮಾಡುತ್ತಾರಂತೆ. ನನ್ನ ಗಂಡ ಅದನ್ನು ಗಟ್ಟಿಯಾಗಿ ಓದಿದರು, ನಾನು ಕೇಳಿಸಿಕೊಳ್ಳದ ಹಾಗೆ ದೋಸೆ ಹುಯ್ಯುತ್ತಿದ್ದೆ. ಅಂತೆ ಎನ್ನುವುದನ್ನು ನಂಬಿ ರೆಕ್ಸಿನ್ ತರಿಸಲು ನನಗೆ ಧೈರ್ಯವಿರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಬಾಡಿ ಕಾರ್ಖಾನೆಯ ಕಡೆಯಿಂದ ಬಂದ ಆಟೋದವನು, ಅಂದರೆ ಬಾಗಲಕೋಟೆಯವಳ ಗಂಡ, ಶೆಡ್ಡಿನ ಮುಂದೆ ನಿಲ್ಲಿಸಿ ಇಳಿಯದೆಯೇ ಕೂಗಿದ. "ಅಕ್ಕಾರ, ಚಾಸಿ ಬಂದಾವ್ರಿ! ರಸ್ತೆತುಂಬ ನಿಂತಾವು, ಆಟೋ ಹೋಗಾಕ ಜಾಗ ಇಲ್ಲ!"

ಹೋಗಿ ನೋಡಿದೆ. ನಿಜವಾಗಿಯೂ ನಿಂತಿದ್ದವು. ಚಾಸಿ ತಯಾರಿಸುವ ಊರಿನಿಂದ ಮೇಲೆ ಮಾಡಿಲ್ಲದೆ ಬಿಸಿಲಲ್ಲೇ ಕೂತು ಓಡಿಸಿಕೊಂಡು ಬಂದ ಡ್ರೈವರುಗಳು ತಲೆಗೆ ಟವೆಲು ಸುತ್ತಿಕೊಂಡು ಕಾಫಿ ಕುಡಿಯುತ್ತಿದ್ದರು. ಹೋಟೆಲಿನವರೇ ತಂದುಕೊಟ್ಟ ಕಾಫಿ. ನಾನು ಒಂದು ಚಾಸಿಯ ಪಕ್ಕ ಹೋಗಿ ಅದರ ಮೇಲೆ ಕೈಯಿಟ್ಟೆ. ಎದೆಯ ಮೇಲಿಂದ ಯಾರೋ ಕೈ ತೆಗೆದ ಹಾಗಾಯಿತು.

ಆ ವಾರದಿಂದ ಶೆಡ್ಡು ಮೊದಲಿನಂತೆ ಎದ್ದಿತು. ತುರುವೇಕೆರೆಗೆ ಹೋದವಳು ಫೋನು ಮಾಡಿದ ಮರುದಿನವೇ ಚೀಲ ಹಿಡಿದು ಬಂದಳು. ಗಾರ್ಮೆಂಟ್ಸಿಗೆ ಸೇರಿದವಳು ಬರಲಿಲ್ಲ, ಅಲ್ಲಿ ಅವಳಿಗೆ ಒಗ್ಗಿದೆ. ಅವಳ ಜಾಗಕ್ಕೆ ಖಾನಾವಳಿಯವರ ಸೊಸೆ ಕಲಿಯಲು ಬರುತ್ತಿದ್ದಾಳೆ. ಗೌಡರ ಮೇಲಿನ ರೂಮುಗಳಲ್ಲಿ ಒಂದು ತುಂಬಿತು, ಇನ್ನೊಂದಕ್ಕೆ ಜನ ಬಂದು ನೋಡಿಕೊಂಡು ಹೋಗುತ್ತಿದ್ದಾರೆ. ಅವರು ನಮ್ಮ ಬಾಡಿಗೆಯನ್ನು ಸ್ವಲ್ಪ ಏರಿಸಿದರು, ನಾನು ಮಾತಾಡದೆ ಕೊಟ್ಟೆ. ಸಿಂಗಸಂದ್ರದ ಕೆಲಸವನ್ನೂ ಬಿಟ್ಟಿಲ್ಲ. ಬಿಡುವ ಧೈರ್ಯ ಇನ್ನು ಬರುವುದೂ ಇಲ್ಲ.

ಹೋದ ತಿಂಗಳು ಮ್ಯಾನೇಜರು ಫೋನು ಮಾಡಿದರು. "ಮೇಡಂ, ಮುಂದಿನ ಸೋಮವಾರಕ್ಕೆ ಎರಡು ಗಾಡಿ ಸೀಟು ಕೊಡ್ತೀರಾ?"

ಶೆಡ್ಡಿನ ಒಳಗೆ ನೋಡಿದೆ. ಎಲ್ಲ ಮಿಷನ್ನುಗಳ ಮುಂದೂ ಜನ. ಮಾತು ಕೇಳಿಸದಷ್ಟು ಸದ್ದು. ಬಾಗಲಕೋಟೆಯವಳು ನನ್ನ ಮುಖ ನೋಡಿ, ಆಗುವುದಿಲ್ಲ ಎಂದು ಕತ್ತರಿ ಹಿಡಿದ ಕೈಯನ್ನೇ ಆಡಿಸಿದಳು.

"ಸೋಮವಾರಕ್ಕೆ ಆಗಲ್ಲ ಸಾರ್," ಎಂದೆ. "ತುಂಬಾ ಕೆಲಸ ಇದೆ. ಟೈಮ್ ಬೇಕು."

ಫೋನಿಟ್ಟ ಮೇಲೂ ನಾನು ಬಾಗಿಲಲ್ಲೇ ನಿಂತಿದ್ದೆ. ಆ ಕಡೆ ಅವರು ಬೇಸರದಿಂದ ಒಪ್ಪಿಕೊಂಡಿದ್ದರು. ಇಲ್ಲ ಎನ್ನುವುದರಲ್ಲಿ ಅಷ್ಟು ಸಮಾಧಾನ ಇರುತ್ತದೆ ಎಂದು ಗೊತ್ತಿರಲಿಲ್ಲ.